ತೊಟ್ಟಿಲೂ ಕುಂಚವೂ

ಕಳೆದ ಶ್ರಾವಣದಲ್ಲಿ ನಾಗರ ಪಂಚಮಿಗೆಂದು ನನ್ನ ಅಕ್ಕ ನೇಸರಗಿಯ ತವರುಮನೆಗೆ ಬಂದಿದ್ದಳು. ಅವಳ ಸಂಗಡ ನಾಲ್ಕು ವರ್ಷದ ಮಗನೂ ಎಂಟು ತಿಂಗಳ ಮಗಳೂ ಇದ್ದರು. ಹಬ್ಬದ ಪಾತ್ರೆಗಳಿಗಾಗಿ ಅಟ್ಟದ ಮೇಲಿನ ಟ್ರಂಕನ್ನು ಇಳಿಸಿದಾಗ ಅದರ ತಳದಲ್ಲಿ ಆಕೆಯ ಹಳೆಯ ಬಣ್ಣದ ಪೆಟ್ಟಿಗೆ ಸಿಕ್ಕಿತು. ಹೈಸ್ಕೂಲಿನಲ್ಲಿದ್ದಾಗ ಡ್ರಾಯಿಂಗ್ ಲೋವರ್, ಹೈಯರ್ ಪರೀಕ್ಷೆಗಳೆರಡನ್ನೂ ಪಾಸು ಮಾಡಿ, ಓಣಿಯವರಿಂದ ‘ಚಿತ್ರದ ಹುಡುಗಿ’ ಎನಿಸಿಕೊಂಡವಳು ಅವಳು. ಪೆಟ್ಟಿಗೆ ತೆರೆದರೆ ಬಣ್ಣದ ಬಿಲ್ಲೆಗಳು ಬಿರುಕು ಬಿಟ್ಟಿದ್ದವು. ಕುಂಚದ ಕೂದಲು ಕಡ್ಡಿಯಂತೆ ಸೆಟೆದಿತ್ತು.

“ಯಾಕಕ್ಕಾ, ಚಿತ್ರಾ ತೆಗಿಯೂದು ಬಿಟ್ಟೇ ಬಿಟ್ಟೆಲ್ಲ?” ಎಂದು ಕೇಳಿದೆ.

“ನಾ ಬಿಟ್ಟಿಲ್ಲ ತಂಗಿ, ಅದs ಬಿಟ್ಟು ಹೋತು. ಕೂಸು ಮಲಗೇತಂತ ಬಣ್ಣಾ ಕಲಸಾಕ ಕುಂತ್ರ, ಕಲಸೂದ್ರಾಗ ಎದ್ದು ಅಳತೈತಿ. ತಿರುಗಿ ಬಂದು ಕುಂಡ್ರೂದ್ರಾಗ ಮನಸ್ಸಿನ್ಯಾಗ ಬಂದಿದ್ದು ಹಾರಿ ಹೋಗಿರತೈತಿ” ಎಂದಳು.

ಅವಳ ಈ ಉತ್ತರವೇ ಪ್ರಕೃತ ಲೇಖನಕ್ಕೆ ಕಾರಣ. ಇದರಲ್ಲಿ ಎರಡು ದೂರುಗಳು ಅಡಗಿವೆ. ಒಂದು, ತಾಯಿಯಾದವಳಿಗೆ ಎಡೆಬಿಡದ ಹೊತ್ತು ದೊರೆಯದು. ಎರಡು, ಮನಸ್ಸಿನಲ್ಲಿ ಹೊಳೆದ ಚಿತ್ರ ಕಾಯುತ್ತ ಕೂಡದು. ಇವೆರಡೂ ನಿಜವಾದರೆ ಸ್ಫುರಣೆಯಿಂದ ಚಿತ್ರ ತೆಗೆಯುವವಳು ತಾಯಿಯಾದೊಡನೆ ಕುಂಚವನ್ನು ಕೆಳಗಿಡಲೇಬೇಕು. ನಮ್ಮ ಕಾಲೇಜಿನ ಭಿತ್ತಿಪತ್ರಿಕೆಯನ್ನು ಅಲಂಕರಿಸುವ ಕೈಗಳಲ್ಲಿ ಹೆಚ್ಚಿನವು ಗೆಳತಿಯರವು. ಇನ್ನೆರಡು ಮೂರು ವರ್ಷಗಳಲ್ಲಿ ಅವರಲ್ಲಿ ಹಲವರ ಮದುವೆಯಾಗುವುದು. ಆದುದರಿಂದ ಈ ಪ್ರಶ್ನೆ ನನ್ನ ಅಕ್ಕನೊಬ್ಬಳದಲ್ಲ, ನಮ್ಮೆಲ್ಲರದು. ಅದನ್ನು ಇಲ್ಲಿ ಸ್ವಲ್ಪ ವಿಚಾರಿಸೋಣ.

೧. ಸ್ಫುರಣೆಯ ಚಿತ್ರವೆಂದರೇನು?

ಮೊದಲು ಅಳತೆ ಹಾಕಿ, ಮಾದರಿಯನ್ನು ಎದುರಿಗಿಟ್ಟು, ನೆರಳು ಬೆಳಕುಗಳನ್ನು ಲೆಕ್ಕ ಹಿಡಿದು ಬರೆಯುವ ಚಿತ್ರ ಒಂದು ಬಗೆಯದು. ಇಂಥ ಯೋಜನೆ ಯಾವುದೂ ಇಲ್ಲದೆ, ಒಂದು ಗೆರೆ ಇನ್ನೊಂದು ಗೆರೆಯನ್ನು ಕರೆಯುತ್ತ, ಒಂದು ಬಣ್ಣ ಇನ್ನೊಂದನ್ನು ಬೇಡುತ್ತ ಬೆಳೆಯುವ ಚಿತ್ರ ಮತ್ತೊಂದು ಬಗೆಯದು. ಇದನ್ನೇ ನಾನು ಸ್ಫುರಣೆಯ ಚಿತ್ರವೆಂದು ಕರೆಯುತ್ತೇನೆ. ಬರೆಯುವವಳಿಗೇ ಮುಂದಿನ ಗೆರೆ ಯಾವುದೆಂಬುದು ಮೊದಲು ತಿಳಿದಿರುವುದಿಲ್ಲ. ಕೈ ಮುಂದೆ, ಬುದ್ಧಿ ಹಿಂದೆ.

ಇದರ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಹಬ್ಬಿದೆ. ಸ್ಫುರಣೆಯೆಂದರೆ ಆಕಾಶದಿಂದ ಬೀಳುವ ಮಿಂಚು. ಅದು ಬೀಳುವಾಗ ಕಲಾವಿದನು ಏಕಾಂತದಲ್ಲಿರಬೇಕು, ಕೈ ಬಿಡುವಾಗಿರಬೇಕು, ಇಲ್ಲವಾದರೆ ಅದು ವ್ಯರ್ಥ ಎಂಬುದೇ ಆ ತಿಳಿವಳಿಕೆ. ನಮ್ಮ ಪ್ರಾಚೀನ ಕಾವ್ಯಮೀಮಾಂಸಕರು ಹೀಗೆ ಹೇಳಲಿಲ್ಲ. ಮಮ್ಮಟನು ‘ಕಾವ್ಯಪ್ರಕಾಶ’ದಲ್ಲಿ ಕಾವ್ಯಕ್ಕೆ ಕಾರಣಗಳನ್ನು ಹೇಳುವಾಗ ಶಕ್ತಿ, ನಿಪುಣತೆ, ಅಭ್ಯಾಸ ಎಂಬ ಮೂರನ್ನೂ ಒಟ್ಟಿಗೆ ಹಿಡಿಯುತ್ತಾನೆ. ಶಕ್ತಿಯೆಂದರೆ ಹುಟ್ಟಿನಿಂದ ಬಂದ ಪ್ರತಿಭೆ. ಅದೊಂದರಿಂದಲೇ ಕೆಲಸವಾಗದು, ಕೈ ಪಳಗಿರಬೇಕು. ಕಾವ್ಯಕ್ಕೆ ಹೇಳಿದ ಮಾತು ಚಿತ್ರಕ್ಕೂ ಸಲ್ಲುತ್ತದೆ. ದಿನವೂ ಸ್ವಲ್ಪ ಸ್ವಲ್ಪ ಗೆರೆಯೆಳೆಯುವ ಕೈಗೆ ಸ್ಫುರಣೆ ಬೇಗ ಬರುತ್ತದೆ. ಬಂದುದು ಬೇಗ ಇಳಿಯುತ್ತದೆ. ವರ್ಷಕ್ಕೊಮ್ಮೆ ಕುಂಚ ಹಿಡಿಯುವ ಕೈಗೆ ಇಡಿಯ ದಿನದ ಏಕಾಂತ ದೊರೆತರೂ ಅರ್ಧ ದಿನ ಕೈ ಬಿಸಿಯಾಗುವುದರಲ್ಲಿಯೇ ಕಳೆದುಹೋಗುತ್ತದೆ.

ಆದುದರಿಂದ ಪ್ರಶ್ನೆಯನ್ನು ಹೀಗೆ ತಿದ್ದಿಕೊಳ್ಳಬೇಕು: ತಾಯಿಗೆ ಏಕಾಂತ ದೊರೆಯುವುದೇ ಎಂದಲ್ಲ, ತುಂಡು ತುಂಡು ಹೊತ್ತಿನಲ್ಲಿಯೂ ಕೈಯನ್ನು ಪಳಗಿಸಿಡುವ ದಾರಿ ಇದೆಯೇ?

೨. ನಮ್ಮ ಮನೆಗಳ ಪಾಠ

ಈ ದಾರಿಯನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಮಕ್ಕಳೊಂದಿಗರಾದ ನಮ್ಮ ನಾಡಿನ ಹೆಂಗಸರು ತಲೆತಲಾಂತರದಿಂದ ಗೆರೆಯನ್ನೂ ಬಣ್ಣವನ್ನೂ ಬಿಟ್ಟವರಲ್ಲ. ಬೆಳಗಿನ ಜಾವ ಅಂಗಳ ಸಾರಿಸಿ ಚುಕ್ಕಿಯಿಟ್ಟು ರಂಗೋಲಿ ಹಾಕುವವಳು ಯಾವ ಪುಸ್ತಕವನ್ನೂ ನೋಡುವುದಿಲ್ಲ. ಒಲೆ ಹೊತ್ತಿಸುವ ಮೊದಲಿನ ಹತ್ತು ನಿಮಿಷ ಅವಳ ಕಲೆಯ ಹೊತ್ತು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಪಂಚಮಿಗೆ ನಾಗಪ್ಪ ಎಂದು ಹಬ್ಬಗಳೇ ನಮ್ಮ ಕಡೆಯ ಹೆಂಗಸರ ಮತ್ತು ಮಕ್ಕಳ ಕೈಗೆ ಮಣ್ಣನ್ನೂ ಬಣ್ಣವನ್ನೂ ಕೊಡುತ್ತ ಬಂದಿವೆ.

ಇನ್ನು ಕಸೂತಿಯನ್ನು ನೋಡಿರಿ. ಧಾರವಾಡ ಸೀಮೆಯ ಈ ಹೊಲಿಗೆಯಲ್ಲಿ ಗವಂತಿ, ಮುರಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಬಗೆಗಳಿವೆ. ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವ ಪದ್ಧತಿ ಇದರಲ್ಲಿಲ್ಲ. ಹಾಸು ಹೊಕ್ಕುಗಳ ಎಳೆಗಳನ್ನು ಎಣಿಸುತ್ತ ಗೋಪುರ, ತೇರು, ಆನೆ, ನವಿಲು, ತುಳಸಿಕಟ್ಟೆಗಳನ್ನು ಮೂಡಿಸಬೇಕು. ಗವಂತಿಯಲ್ಲಿ ಸೂಜಿ ಹೋಗುವಾಗ ಒಂದು ಹೊಲಿಗೆಯ ಜಾಗ ಬಿಡುತ್ತ ಹೋಗಿ, ಬರುವಾಗ ಬಿಟ್ಟ ಜಾಗಗಳನ್ನು ತುಂಬುತ್ತ ಬರುತ್ತದೆ. ಬಟ್ಟೆಯ ಎರಡು ಮಗ್ಗಲೂ ಒಂದೇ ತೆರನಾಗಿ ಕಾಣುತ್ತವೆ. ನನ್ನ ಅಕ್ಕನ ದೂರಿಗೆ ಇಲ್ಲಿ ಅರ್ಧ ಉತ್ತರವಿದೆ. ಕೂಸು ಅತ್ತಾಗ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಏಳಬಹುದು. ಎಲ್ಲಿಗೆ ನಿಂತಿತ್ತೆಂಬುದನ್ನು ಮನಸ್ಸು ನೆನಪಿಡಬೇಕಾಗಿಲ್ಲ, ಬಟ್ಟೆಯೇ ನೆನಪಿಡುತ್ತದೆ.

ಕೌದಿಯ ಮಾತೂ ಹೀಗೆಯೇ. ಹಳೆಯ ಸೀರೆ, ಧೋತರ, ಕುಪ್ಪಸಗಳ ತುಂಡುಗಳನ್ನು ಜೋಡಿಸಿ ಮಧ್ಯಾಹ್ನದ ಬಿಡುವಿನಲ್ಲಿ ಹೊಲಿಯುವ ಕೌದಿ ನಮ್ಮ ಊರಿನ ಮನೆಮನೆಯಲ್ಲಿದೆ. ನಮ್ಮ ಜಿಲ್ಲೆಯ ಖಾನಾಪುರ ತಾಲೂಕಿನಲ್ಲಿಯೂ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರಗಳ ಕಾಡಂಚಿನಲ್ಲಿಯೂ ಬಾಳುತ್ತಿರುವ ಸಿದ್ದಿ ಜನಾಂಗದ ಹೆಂಗಸರು ಇದನ್ನು ದೊಡ್ಡ ಕಲೆಯಾಗಿ ಬೆಳೆಸಿದ್ದಾರೆ. ಅವರ ಪೂರ್ವಿಕರು ಆಫ್ರಿಕಾದಿಂದ ಬಂದವರು. ಅವರು ಕೌದಿಯನ್ನು ಒಂದು ಮೂಲೆಯಿಂದ ಆರಂಭಿಸಿ, ಅಂಚಿನ ಗುಂಟ ಸುತ್ತುತ್ತ, ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ಯಾವ ತುಂಡಿನ ಮಗ್ಗುಲಿಗೆ ಯಾವ ಬಣ್ಣವೆಂಬುದನ್ನು ಕಣ್ಣು ಆಯಾ ಹೊತ್ತಿಗೆ ನಿರ್ಧರಿಸುತ್ತದೆ. ಮೂಲೆಗಳಿಗೆ ‘ಫುಲಾ’ ಎಂಬ ಬಟ್ಟೆಯ ಹೂವನ್ನು ಹೊಲಿದ ಮೇಲೆಯೇ ಅವರಿಗೆ ಕೌದಿ ಮುಗಿದಂತೆ. ತೊಟ್ಟಿಲ ಮಕ್ಕಳಿಗಾಗಿ ಹೊಲಿದ ಚಿಕ್ಕ ಕೌದಿಗಳೂ ಅವರಲ್ಲಿ ಉಂಟು. ಇಲ್ಲಿ ಮಗು ಕಲೆಗೆ ಅಡ್ಡಿಯಲ್ಲ, ಕಾರಣ.

ಮಲೆನಾಡಿನ ಸಾಗರ, ಸೊರಬಗಳ ದೀವರ ಹೆಂಗಸರು ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರ ನಮಗೆ ಇನ್ನೂ ಹತ್ತಿರದ ಉದಾಹರಣೆ. ಏಕೆಂದರೆ ಅದು ಬಣ್ಣದ ಕೆಲಸ. ಬಿಳಿಯ ಬಣ್ಣಕ್ಕೆ ಅಕ್ಕಿಯ ಹಿಟ್ಟು, ಕೆಂಪಿಗೆ ಕೆಮ್ಮಣ್ಣು, ಕಪ್ಪಿಗೆ ಹುರಿದು ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಕುಂಚಕ್ಕೆ ಪುಂಡಿನಾರು: ಎಲ್ಲವೂ ಅಡಿಗೆಯ ಮನೆಯಲ್ಲಿಯೂ ಹಿತ್ತಲಲ್ಲಿಯೂ ಸಿಗುವಂಥವು. ಮದುವೆಗೆ ಹಸೆಯ ಗೋಡೆಯನ್ನು ಬರೆಯುತ್ತಾರೆ. ನಮ್ಮಲ್ಲಿ ಶೀಗಿ ಹುಣ್ಣಿವೆಯಾಗುವ ದಿನ ಅವರಿಗೆ ಭೂಮಿ ಹುಣ್ಣಿಮೆ. ಅಂದು ಹೊಲಕ್ಕೆ ಎಡೆ ಒಯ್ಯುವ ಬುಟ್ಟಿಗೆ ಕೆಮ್ಮಣ್ಣು ಬಳಿದು ಬಿಳಿಯ ಚಿತ್ತಾರ ಬರೆಯುತ್ತಾರೆ.

ಈ ಎಲ್ಲ ಕಲೆಗಳನ್ನು ಒಟ್ಟಿಗಿಟ್ಟು ನೋಡಿದರೆ ನಾಲ್ಕು ಲಕ್ಷಣಗಳು ಕಾಣುತ್ತವೆ. ಸಾಧನಗಳು ಕೈಗೆಟಕುವಲ್ಲಿವೆ. ಕೆಲಸವನ್ನು ಯಾವ ಗಳಿಗೆಯಲ್ಲಾದರೂ ನಿಲ್ಲಿಸಬಹುದು, ಯಾವ ಗಳಿಗೆಯಲ್ಲಾದರೂ ಮತ್ತೆ ಹಿಡಿಯಬಹುದು. ಮಕ್ಕಳು ದೂರವಿರಬೇಕಾಗಿಲ್ಲ, ಮಗ್ಗುಲಲ್ಲಿಯೇ ಕುಳಿತು ನೋಡಿ ಕಲಿಯುತ್ತಾರೆ. ನಾಲ್ಕನೆಯದು, ಈ ಕೆಲಸಕ್ಕೆ ಹೊತ್ತೂ ಹಬ್ಬವೂ ಗೊತ್ತಾಗಿವೆ. ಆ ಹೊತ್ತಿನಲ್ಲಿ ಅವಳನ್ನು ಬೇರೆ ಕೆಲಸಕ್ಕೆ ಯಾರೂ ಕರೆಯುವುದಿಲ್ಲ. ಈ ನಾಲ್ಕನೆಯ ಲಕ್ಷಣವನ್ನು ನಾವು ಮರೆಯುತ್ತೇವೆ. ಅದನ್ನು ಮುಂದೆ ವಿಚಾರಿಸುವೆನು.

೩. ಜೋಡಾಸಾಂಕೋದ ಗೃಹಿಣಿ

ಹಬ್ಬ ಹುಣ್ಣಿಮೆಗಳ ಕಲೆ ಸರಿ. ಕಾಗದದ ಮೇಲೆ ತನ್ನದೇ ಆದ ಚಿತ್ರ ಬರೆಯಬೇಕೆನ್ನುವವಳ ಗತಿಯೇನು? ಇದಕ್ಕೆ ಎರಡು ಜೀವನಗಳನ್ನು ಉದಾಹರಿಸುವೆನು.

ಮೊದಲನೆಯವಳು ಸುನಯನೀ ದೇವಿ. 1875ರಲ್ಲಿ ಕಲಕತ್ತೆಯ ಜೋಡಾಸಾಂಕೋದ ಠಾಕೂರ ಮನೆತನದಲ್ಲಿ ಹುಟ್ಟಿದಳು. ಗಗನೇಂದ್ರನಾಥ, ಅವನೀಂದ್ರನಾಥ ಠಾಕೂರರು ಇವಳ ಅಣ್ಣಂದಿರು. ಅಣ್ಣಂದಿರು ನಾಡಿಗೆಲ್ಲ ಹೆಸರಾದ ಚಿತ್ರಕಾರರಾದರು. ತಂಗಿಗೆ ಚಿತ್ರಕಲೆಯ ಶಿಕ್ಷಣವಿರಲಿಲ್ಲ. ಹನ್ನೆರಡರ ಸುಮಾರಿಗೆ ಮದುವೆಯಾಯಿತು. ಗಂಡ ರಜನೀಮೋಹನ ಚಟ್ಟೋಪಾಧ್ಯಾಯರು. ಮಕ್ಕಳಾದರು, ದೊಡ್ಡ ಸಂಸಾರದ ಯಜಮಾನಿಕೆ ಬಂತು. ಆಕೆ ಕುಂಚ ಹಿಡಿದದ್ದು ಮೂವತ್ತರ ವಯಸ್ಸಿನ ಸುಮಾರಿಗೆ, ಅಂದರೆ 1905ರ ಹೊತ್ತಿಗೆ.

ಆಕೆಗೆ ಚಿತ್ರಶಾಲೆಯೆಂಬುದು ಇರಲಿಲ್ಲ. ಮನೆಯೊಳಗಿನ ಮಂಚವೇ ಚಿತ್ರಶಾಲೆ. ಅದರ ಮೇಲೆ ಕುಳಿತು, ಮಗ್ಗುಲಲ್ಲಿ ನೀರು ಬಣ್ಣಗಳನ್ನಿಟ್ಟುಕೊಂಡು, ಮನೆಯ ಕೆಲಸಗಳ ಮೇಲೆ ಕಣ್ಣಿಟ್ಟೇ ಬರೆಯುತ್ತಿದ್ದಳು. ಮೊದಲು ಕೆಂಪು ಇಲ್ಲವೆ ಕಪ್ಪು ಗೆರೆಯಿಂದ ರೂಪವನ್ನು ಎಳೆದು, ಬಣ್ಣ ತುಂಬಿ, ಕಾಗದವನ್ನು ನೀರಿನಲ್ಲಿ ಅದ್ದುವಳು. ಬಣ್ಣ ಕಾಗದದೊಳಗೆ ಇಳಿದು ಮಸುಕಾಗುವುದು. ಆ ಮಸುಕಿನಲ್ಲಿ ಹೊಸ ರೂಪಗಳು ಕಾಣುವುವು; ಅವುಗಳನ್ನು ಮತ್ತೆ ಗೆರೆಯಿಂದ ಎತ್ತಿ ತೋರುವಳು. ತನ್ನ ಚಿತ್ರಗಳಲ್ಲಿ ಹಲವು ಕನಸಿನಲ್ಲಿ ಕಂಡವೆಂದು ಆಕೆ ಹೇಳುತ್ತಿದ್ದಳು. ರಾಧಾಕೃಷ್ಣರು, ಅರ್ಧನಾರೀಶ್ವರ, ಹಾಲು ಮಾರುವ ಗೋಪಿಯರು, ಬಂಗಾಳದ ಮಣ್ಣಿನ ಬೊಂಬೆಗಳಂತೆ ದೊಡ್ಡ ಕಣ್ಣಿನ ಹೆಂಗಸರು ಆಕೆಯ ವಸ್ತುಗಳು.

ಈ ಕ್ರಮದಲ್ಲಿರುವ ಜಾಣ್ಮೆಯನ್ನು ಗಮನಿಸಿರಿ. ಅದ್ದಿದ ಕಾಗದ ಆರುವ ತನಕ ಹೇಗೂ ಕಾಯಲೇಬೇಕು. ಆ ಹೊತ್ತಿನಲ್ಲಿ ಅಡಿಗೆಯವರಿಗೆ ಹೇಳುವುದನ್ನು ಹೇಳಬಹುದು, ಮಗುವನ್ನು ಎತ್ತಿಕೊಳ್ಳಬಹುದು. ತಿರುಗಿ ಬಂದಾಗ ಕಾಗದ ತಾನೇ ಏನನ್ನೋ ತೋರಿಸಿ ಮುಂದಿನ ಗೆರೆಯನ್ನು ಕೇಳುತ್ತದೆ. ಹಾರಿಹೋಗುವ ಹೊಳಹನ್ನು ಹಿಡಿದಿಡುವ ಕೆಲಸವನ್ನು ಆಕೆ ಕಾಗದಕ್ಕೇ ಒಪ್ಪಿಸಿದ್ದಳು. ಗವಂತಿಯ ಬಟ್ಟೆ ಮಾಡುವುದೂ ಇದನ್ನೇ.

1922ರಲ್ಲಿ ಕಲಕತ್ತೆಯಲ್ಲಿ ಜರ್ಮನಿಯ ಬೌಹೌಸ್ ಕಲಾಶಾಲೆಯ ಚಿತ್ರಕಾರರ ಕೃತಿಗಳ ಪ್ರದರ್ಶನ ನಡೆಯಿತು. ಪಾಲ್ ಕ್ಲೀ, ಕಾಂಡಿನ್ಸ್ಕಿಯರ ಚಿತ್ರಗಳು ಅಲ್ಲಿಗೆ ಬಂದಿದ್ದವು. ಅದೇ ಪ್ರದರ್ಶನದಲ್ಲಿ ಸುನಯನೀ ದೇವಿಯ ಚಿತ್ರಗಳೂ ಇದ್ದವು. ಕಲಾ ವಿದುಷಿ ಸ್ಟೆಲ್ಲಾ ಕ್ರಾಮ್ರಿಶ್ ಆಕೆಯ ಚಿತ್ರಗಳ ಬಗ್ಗೆ ಬರೆದು ಯುರೋಪಿನವರಿಗೂ ಅವುಗಳ ಪರಿಚಯ ಮಾಡಿಕೊಟ್ಟಳು. ಸುನಯನೀ ದೇವಿ 1962ರಲ್ಲಿ ತೀರಿಕೊಂಡಳು.

೪. ಚುಕ್ಕಿಯಿಂದ ಗೆರೆ, ಗೆರೆಯಿಂದ ಚಿತ್ರ

ಎರಡನೆಯವರು ಮಾಧವಿ ಪಾರೇಖ. ಇವರು 1942ರಲ್ಲಿ ಗುಜರಾತಿನ ಸಂಜಯ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಕಲಾಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಚಿಕ್ಕ ವಯಸ್ಸಿನಲ್ಲಿಯೇ ಮದುವೆಯಾಯಿತು. ಗಂಡ ಮನು ಪಾರೇಖರು ಚಿತ್ರಕಾರರು. 1964ರಲ್ಲಿ ಮಾಧವಿಯವರು ಚೊಚ್ಚಲ ಬಸುರಿಯಾಗಿದ್ದಾಗ, ಕೈಗೂ ಮನಸ್ಸಿಗೂ ಒಂದು ಕೆಲಸವಾಗಲೆಂದು ಗಂಡ ಅವರಿಗೆ ಪಾಲ್ ಕ್ಲೀಯ ಪುಸ್ತಕವೊಂದನ್ನು ಕೊಟ್ಟರು. ಬೌಹೌಸಿನಲ್ಲಿ ಕಲಿಸುತ್ತಿದ್ದ ಕ್ಲೀ ವಿದ್ಯಾರ್ಥಿಗಳಿಗಾಗಿ ಸಿದ್ಧಪಡಿಸಿ 1925ರಲ್ಲಿ ಪ್ರಕಟಿಸಿದ ಚಿಕ್ಕ ಅಭ್ಯಾಸ ಪುಸ್ತಕವದು. ಚುಕ್ಕಿ ಚಲಿಸಿ ಗೆರೆಯಾಗುವ, ಗೆರೆ ಸುತ್ತಿ ಆಕಾರವಾಗುವ ಪಾಠಗಳು ಅದರಲ್ಲಿವೆ. ಹಳ್ಳಿಯ ಅಂಗಳದಲ್ಲಿ ರಂಗೋಲಿ ಹಾಕಿ ಬೆಳೆದವರಿಗೆ ಈ ಪಾಠ ಹೊಸತೆನಿಸಲು ಕಾರಣವೇ ಇಲ್ಲ! ಕಲಕತ್ತೆಯಲ್ಲಿ ಸುನಯನೀ ದೇವಿಯ ಚಿತ್ರಗಳ ಸಂಗಡ ತೂಗುಹಾಕಿದ್ದ ಚಿತ್ರಗಳ ಕರ್ತೃವೇ ನಲವತ್ತೆರಡು ವರ್ಷಗಳ ಮೇಲೆ ಇನ್ನೊಬ್ಬ ಗೃಹಿಣಿಗೆ ಪುಸ್ತಕದ ರೂಪದಲ್ಲಿ ಗುರುವಾದನು.

ಆ ವರ್ಷ ಹುಟ್ಟಿದ ಮಗಳು ಮನೀಷಾ ಪಾರೇಖ ಮುಂದೆ ತಾನೂ ಕಲಾವಿದೆಯಾದಳು. ತಾಯಿಯ ಕುಂಚ ನಿಲ್ಲಲಿಲ್ಲ. ತಾನು ಕಂಡ ಹಳ್ಳಿ, ಕೇಳಿದ ಕತೆ, ದೇವರು, ಹಾವು, ಹಕ್ಕಿ, ಗೊಂಬೆಗಳು ಮಾಧವಿಯವರ ಚಿತ್ರದೊಳಗೆ ಬರುತ್ತವೆ. ನಡುವೆ ಒಂದು ದೊಡ್ಡ ಆಕೃತಿ. ಅದರ ಸುತ್ತ ಚಿಕ್ಕ ಚಿಕ್ಕವು ಒಂದೊಂದಾಗಿ ಬಂದು ಸೇರುತ್ತವೆ. ಅಂಚಿಗೆ ರಂಗೋಲಿಯ ಕಟ್ಟಿನಂಥ ಚೌಕಟ್ಟು. ಹೀಗೆ ಬೆಳೆಯುವ ಚಿತ್ರಕ್ಕೆ ಇಂದು ಒಂದು ಹಕ್ಕಿ, ನಾಳೆ ಒಂದು ಮೀನು ಸೇರಿದರೂ ಕೊರತೆಯಿಲ್ಲ. 1979ರಲ್ಲಿ ಲಲಿತಕಲಾ ಅಕಾಡೆಮಿಯ ರಾಷ್ಟ್ರೀಯ ಪ್ರಶಸ್ತಿ ಅವರಿಗೆ ಬಂತು. 1987ರಿಂದ 1989ರ ವರೆಗೆ ನಳಿನಿ ಮಾಲಾನಿ, ನೀಲಿಮಾ ಶೇಖ, ಅರ್ಪಿತಾ ಸಿಂಗ್ ಇವರೊಡನೆ ಕೂಡಿ ನಾಲ್ವರು ಹೆಂಗಸರ ಪ್ರದರ್ಶನವನ್ನು ದೇಶದ ಹಲವು ಊರುಗಳಲ್ಲಿ ನಡೆಸಿದರು. 2022ರ ಜನವರಿಯಲ್ಲಿ ಪ್ಯಾರಿಸಿನ ಪ್ರಸಿದ್ಧ ಡಿಯೋರ್ ಉಡುಪಿನ ಪ್ರದರ್ಶನ ನಡೆದ ಮಂಟಪದ ಗೋಡೆಗಳಿಗೆ ಇವರ ಮತ್ತು ಮನು ಪಾರೇಖರ ಚಿತ್ರಗಳನ್ನು ಮುಂಬಯಿಯ ಕುಶಲಕರ್ಮಿಗಳು ಸೂಜಿ ದಾರದಿಂದ ಹೊಲಿದು ತುಂಬಿದ್ದರು.

೫. ಹೊತ್ತಿನ ಲೆಕ್ಕ

“ಮಕ್ಕಳು ದೊಡ್ಡವರಾಗಲಿ, ಆಮೇಲೆ ಬರೆದರಾಯಿತು” ಎಂಬ ಮಾತನ್ನು ನಾವು ಮನೆಮನೆಯಲ್ಲಿ ಕೇಳುತ್ತೇವೆ. ಆಮೇಲೆ ಹೊತ್ತು ಸಿಗುತ್ತದೆಂಬುದು ನಿಜ. ಆದರೆ ಹೊತ್ತು ಹೆಚ್ಚಾದ ಮಾತ್ರಕ್ಕೆ ಕೆಲಸ ಹೆಚ್ಚಾಗುವುದೇ?

ಜರ್ಮನಿಯ ಕೇಥೆ ಕೋಲ್ವಿಟ್ಸ್ ಎಂಬ ಹೆಸರಾಂತ ಕಲಾವಿದೆ (1867–1945) ಇದನ್ನು ಅನುಭವದಿಂದ ಬಲ್ಲವಳು. ಬರ್ಲಿನ್ನಿನ ಬಡವರ ಓಣಿಯಲ್ಲಿ ವೈದ್ಯನಾಗಿದ್ದವನ ಹೆಂಡತಿ, ಇಬ್ಬರು ಗಂಡುಮಕ್ಕಳ ತಾಯಿ. ಮಕ್ಕಳು ದೊಡ್ಡವರಾಗುತ್ತ ಬಂದ 1910ರಲ್ಲಿ ಆಕೆ ತನ್ನ ದಿನಚರಿಯಲ್ಲಿ ಈ ವಿಷಯವನ್ನು ತೂಗಿ ನೋಡಿದ್ದಾಳೆ. ಮೊದಲು ಹೊತ್ತು ಬಹಳ ಕಡಿಮೆಯಿದ್ದಾಗ ಮನಸ್ಸು ಹೆಚ್ಚು ಚುರುಕಾಗಿತ್ತು, ಕೆಲಸ ಹೆಚ್ಚು ಫಲ ಕೊಡುತ್ತಿತ್ತು. ಈಗ ಗಂಟೆಗಟ್ಟಲೆ ಕುಳಿತರೂ ಮೊದಲಿನ ಕಸುವು ಇದೆಯೇ ಎಂಬ ಸಂದೇಹ ಆಕೆಗೆ ಬಂದಿತ್ತು. ಆಕೆಯ ಚಿರಸ್ಮರಣೀಯ ಚಿತ್ರಗಳಲ್ಲಿ ತಾಯಿ ಮಕ್ಕಳ ಚಿತ್ರಗಳೇ ಬಹಳ. ತಾಯ್ತನ ಆಕೆಯಿಂದ ಹೊತ್ತನ್ನು ಕಸಿದುಕೊಂಡಿತು, ವಸ್ತುವನ್ನು ಕೊಟ್ಟಿತು.

ಇದರಿಂದ ಬಿಡುವಿಲ್ಲದಿರುವುದೇ ಒಳಿತೆಂದು ಯಾರೂ ತಿಳಿಯಬಾರದು. ಕಡಿಮೆ ಹೊತ್ತು ಬೇರೆ, ಇಲ್ಲದ ಹೊತ್ತು ಬೇರೆ. ದಿನಕ್ಕೆ ಅರ್ಧ ತಾಸು ಎಂಬುದು ಕಡಿಮೆ. ಆದರೂ ಅದು ಹೊತ್ತು. ‘ಸಿಕ್ಕಾಗ ನೋಡೋಣ’ ಎಂಬುದು ಹೊತ್ತೇ ಅಲ್ಲ.

೬. ಒಂದು ಆಕ್ಷೇಪ

ಇಲ್ಲಿ ಒಬ್ಬ ವಿಚಾರವಂತ ವಾಚಕರು ಎದ್ದು ಕೇಳಬಹುದು: “ಸುನಯನೀ ದೇವಿ ಶ್ರೀಮಂತರ ಮನೆಯವಳು, ಒಲೆಯ ಮುಂದೆ ಆಳುಗಳಿದ್ದರು. ಮಾಧವಿ ಪಾರೇಖರ ಗಂಡ ತಾನೇ ಚಿತ್ರಕಾರ. ನಸುಕಿನಲ್ಲೆದ್ದು ರೊಟ್ಟಿ ಬಡಿದು, ನೀರು ತುಂಬಿ, ಹೊಲಕ್ಕೆ ಬುತ್ತಿ ಕಟ್ಟುವ ನಮ್ಮ ಊರಿನ ಹೆಣ್ಣುಮಗಳಿಗೆ ಈ ಮಾತು ಹೇಗೆ ಸಲ್ಲುತ್ತದೆ?”

ಆಕ್ಷೇಪ ನ್ಯಾಯವಾದುದು. ಲೇಖನದ ಮುಖ್ಯ ಮಾತೂ ಇದರೊಳಗೇ ಇದೆ. ಇವರ ಜೀವನಗಳನ್ನು ಹೊಗಳುವಾಗ ನಾವು ‘ಎಷ್ಟು ಕೆಲಸದ ನಡುವೆಯೂ ಬರೆದರಲ್ಲ!’ ಎಂದು ಬೆರಗಾಗುತ್ತೇವೆ. ‘ಬರೆಯುವಾಗ ಅವರ ಕೆಲಸವನ್ನು ಯಾರು ಮಾಡಿದರು?’ ಎಂದು ಕೇಳುವುದಿಲ್ಲ. ಸುನಯನೀ ದೇವಿಯ ಕೆಲಸವನ್ನು ಆಳುಗಳು ಹೊತ್ತರು. ಮಾಧವಿಯವರ ಗಂಡ ಪುಸ್ತಕವನ್ನೂ ಧೈರ್ಯವನ್ನೂ ಕೊಟ್ಟರು. ಹಸೆ ಬರೆಯುವ ದೀವರ ಹೆಂಗಸಿಗೆ, ಕೌದಿ ಹೊಲಿಯುವ ನಮ್ಮ ಅಜ್ಜಿಗೆ, ಕೂಡುಕುಟುಂಬದ ಅತ್ತೆ, ನೆಗೆಣ್ಣಿ, ಓಣಿಯ ಗೆಳತಿಯರು ಒದಗಿದರು. ಒಬ್ಬಳು ಹೊಲಿಯುವಾಗ ಇನ್ನೊಬ್ಬಳು ತೊಟ್ಟಿಲು ತೂಗಿದಳು. ಪರರ ಕೈಯ ನೆರವಿಲ್ಲದೆ ಸಂಸಾರವನ್ನೂ ಕಲೆಯನ್ನೂ ಒಬ್ಬಳೇ ಸರಿದೂಗಿಸಿದ ಉದಾಹರಣೆ ಇವರಲ್ಲಿ ಒಂದೂ ಇಲ್ಲ.

ನನ್ನ ಅಕ್ಕ ಬೆಳಗಾವಿಯಲ್ಲಿ ಎರಡು ಕೋಣೆಯ ಬಾಡಿಗೆಯ ಮನೆಯಲ್ಲಿದ್ದಾಳೆ. ಅಲ್ಲಿ ಅತ್ತೆಯಿಲ್ಲ, ನೆಗೆಣ್ಣಿಯಿಲ್ಲ, ಆಳೂ ಇಲ್ಲ. ಕೂಡುಕುಟುಂಬದ ನೆರವು ಹೋಯಿತು. ಅದರ ಜಾಗಕ್ಕೆ ಬೇರೆ ನೆರವು ಬರಲಿಲ್ಲ. ಹಬ್ಬ ಅವಳಿಗೆ ಗೊತ್ತುಮಾಡಿ ಕೊಡುತ್ತಿದ್ದ ಹೊತ್ತನ್ನು ಈಗ ಗಂಡನೂ ಮನೆಯವರೂ ಗೊತ್ತುಮಾಡಿ ಕೊಡಬೇಕು. ಇದನ್ನು ಬಿಟ್ಟು ಅವಳಿಗೆ ‘ಮನಸ್ಸಿದ್ದರೆ ಮಾರ್ಗ’ ಎಂದು ಉಪದೇಶಿಸುವುದು ನ್ಯಾಯವಲ್ಲ.

ಇನ್ನೊಂದು ಆಕ್ಷೇಪವೂ ಉಂಟು: ಕಲೆ ಪೂರ್ಣ ಬಾಳನ್ನೇ ಬೇಡುತ್ತದೆ, ಎರಡು ದೋಣಿಗಳಲ್ಲಿ ಕಾಲಿಡುವುದು ಸಲ್ಲದು. ಅಕ್ಕಮಹಾದೇವಿ ಎಲ್ಲವನ್ನೂ ಬಿಟ್ಟು ನಡೆದಳು, ದಿಟ. ಆದರೆ ಅದೇ ಶರಣರ ಕೂಟದಲ್ಲಿ ನೂಲುವ ಕಾಯಕದ ಕದಿರ ರೆಮ್ಮವ್ವೆಯೂ ಇದ್ದಳು. ರಾಟಿ ಕದಿರುಗಳೇ ಆಕೆಯ ವಚನದ ವಸ್ತುವಾದವು. ಅಕ್ಕಿಯನ್ನು ಆಯ್ದು ತರುವ ಕಾಯಕದ ಮನೆಯ ಲಕ್ಕಮ್ಮನೂ ವಚನಕಾರ್ತಿಯೇ. ಬಿಟ್ಟು ನಡೆದವಳ ದಾರಿಯೂ ನಮ್ಮದು, ಇದ್ದು ನುಡಿದವಳ ದಾರಿಯೂ ನಮ್ಮದು.

೭. ಆಚರಣೆಗೆ ಕೆಲವು ಸೂಚನೆಗಳು

ಇಲ್ಲಿಯ ವರೆಗಿನ ವಿಚಾರದಿಂದ ಕೆಲವು ಪ್ರಯೋಜನದ ಮಾತುಗಳನ್ನು ಆಯ್ದು ಕೊಡುವೆನು.

ಒಂದು: ಕಾಗದ ಚಿಕ್ಕದಿರಲಿ. ಅಂಚೆಯ ಕಾರ್ಡಿನಷ್ಟಿದ್ದರೆ ಒಂದು ಕೂರುವಿಕೆಗೆ ಒಂದು ಮೂಲೆಯಾದರೂ ಮುಗಿಯುತ್ತದೆ. ಚಿಕ್ಕವುಗಳನ್ನೇ ಮುಂದೆ ಜೋಡಿಸಿ ದೊಡ್ಡದು ಮಾಡಬಹುದು. ಕೌದಿಯ ನ್ಯಾಯ ಅದೇ.

ಎರಡು: ಸಾಧನ ಸದಾ ಸಿದ್ಧವಿರಲಿ. ಪೆಟ್ಟಿಗೆ ಟ್ರಂಕಿನೊಳಗಿದ್ದರೆ ತೆಗೆಯುವುದರಲ್ಲಿಯೇ ಹೊತ್ತು ಹೋಗುತ್ತದೆ. ಕೂಸಿನ ಕೈಗೆಟಕದ ಗೂಡಿನಲ್ಲಿ ಕಾಗದ, ಕುಂಚ, ಬಣ್ಣ ಒಂದೇ ತಟ್ಟೆಯಲ್ಲಿರಲಿ.

ಮೂರು: ಬಣ್ಣವನ್ನು ನೋಡಿ ಆರಿಸಬೇಕು. ತೈಲವರ್ಣ ಆರಲು ದಿನಗಟ್ಟಲೆ ಬೇಕು. ಅದಕ್ಕೆ ಬಳಸುವ ಟರ್ಪೆಂಟೈನಿನ ಆವಿ ಕೂಸಿಗೆ ಒಳ್ಳೆಯದಲ್ಲ. ಕೆಲವು ಬಿಳಿಯ ಬಣ್ಣಗಳಲ್ಲಿ ಸೀಸವೂ, ಕೆಲವು ಹಳದಿ ಕೆಂಪುಗಳಲ್ಲಿ ಕ್ಯಾಡ್ಮಿಯಮ್ಮೂ, ಇಂಗಲೀಕದಲ್ಲಿ ಪಾದರಸವೂ ಇರುತ್ತವೆ. ಗೋಡೆಯ ಸುಣ್ಣವೂ ಕಣ್ಣಿಗೆ ಬಿದ್ದರೆ ಸುಡುತ್ತದೆ. ಎಲ್ಲವನ್ನೂ ಬಾಯಿಗೆ ಹಾಕುವ ಮಗುವಿರುವ ಮನೆಯಲ್ಲಿ ಇಂಥವು ಬೇಡ. ವಿಷವಿಲ್ಲವೆಂದು ಮೇಲೆ ಬರೆದಿರುವ ನೀರುಬಣ್ಣ ಸಾಕು. ಅದೂ ಮಗುವಿನ ಕೈಗೆ ಸಿಗದಿರಲಿ.

ನಾಲ್ಕು: ನಿಲ್ಲಿಸುವಾಗ ಮುಗಿಸಿ ನಿಲ್ಲಿಸಬಾರದು. ಮುಂದಿನ ಒಂದು ಗೆರೆಯನ್ನು ಅರ್ಧಕ್ಕೆ ಬಿಟ್ಟೇ ಏಳಬೇಕು. ತಿರುಗಿ ಬಂದಾಗ ಆ ಅರ್ಧ ಗೆರೆಯೇ ಕೈಯನ್ನು ಹಿಡಿದು ಕೂರಿಸುತ್ತದೆ.

ಐದು: ಮಗುವಿಗೂ ಒಂದು ಹಾಳೆ, ಒಂದು ಇದ್ದಲಿನ ತುಂಡು ಕೊಡಬೇಕು.

ಆರು: ವಾರಕ್ಕೆ ಇಂತಿಷ್ಟು ಹೊತ್ತು ಆಕೆಯದೆಂದು ಮನೆಯವರು ಒಪ್ಪಬೇಕು. ಆ ಹೊತ್ತಿನಲ್ಲಿ ತೊಟ್ಟಿಲ ಹಗ್ಗ ಇನ್ನೊಬ್ಬರ ಕೈಯಲ್ಲಿರಬೇಕು. ಮೊದಲಿನ ಐದನ್ನು ಆಕೆ ಮಾಡಬಲ್ಲಳು. ಆರನೆಯದು ಮನೆಯವರು ಮಾಡಬೇಕಾದುದು. ಅದು ನಡೆಯದಿದ್ದರೆ ಉಳಿದ ಐದೂ ಬಹುದಿನ ನಡೆಯಲಾರವು. ಈ ಮಾತನ್ನು ನಮ್ಮ ಸಹಪಾಠಿ ಬಂಧುಗಳು, ನಾಳೆ ಗಂಡಂದಿರೂ ತಂದೆಯರೂ ಆಗುವವರು, ವಿಶೇಷವಾಗಿ ಓದಬೇಕೆಂದು ವಿನಂತಿ.

೮. ಮುಕ್ತಾಯ

ಪಂಚಮಿಯ ದಿನ ಹಿತ್ತಲ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಊಟವಾದ ಮೇಲೆ ಅಕ್ಕನೂ ನಾನೂ ಆ ಹಳೆಯ ಪೆಟ್ಟಿಗೆಯನ್ನು ಮುಂದಿಟ್ಟುಕೊಂಡು ಕುಳಿತೆವು. ನೀರುಬಣ್ಣವನ್ನು ಹಿಡಿದಿಡುವ ಅಂಟು ಜಾಲಿಯ ಜಾತಿಯ ಮರದ್ದು. ನಮ್ಮ ಹೊಲದ ಬದುವಿನ ಜಾಲಿಯ ಅಂಟಿನಂತೆ ಅದು ಒಣಗಿದರೂ ನೀರು ತಾಗಿದರೆ ಮತ್ತೆ ಕರಗುತ್ತದೆ. ಹನಿ ನೀರು ಬಿಟ್ಟು ಕಾಲು ತಾಸು ಕಾದೆವು. ಹನ್ನೆರಡು ಬಿಲ್ಲೆಗಳಲ್ಲಿ ಒಂಬತ್ತು ಮೆತ್ತಗಾದವು. ಮೂರಕ್ಕೆ ಬೂಸ್ಟು ಹಿಡಿದಿತ್ತು, ಎಸೆದೆವು. ಕುಂಚ ಮಾತ್ರ ಕೆಲಸಕ್ಕೆ ಬರಲಿಲ್ಲ. ಅಕ್ಕ ಕಡ್ಡಿಯೊಂದಕ್ಕೆ ಅರಳೆ ಸುತ್ತಿ, ಹಳೆಯ ಲಗ್ನಪತ್ರಿಕೆಯ ಹಿಂಬದಿಗೆ ಗೆರೆಯೆಳೆಯತೊಡಗಿದಳು. ಐದು ನಿಮಿಷವಾಗಿರಲಿಲ್ಲ, ಕೂಸು ಎದ್ದು ಅತ್ತಿತು. ಅಕ್ಕ ಎದ್ದಳು.

ಅಷ್ಟರಲ್ಲಿ ಅವ್ವ ಒಳಗಿನಿಂದ ಬಂದು, “ಕೂಸಿನ್ನ ನನ್ನ ಕಡೆ ಕೊಡು. ಜೋಕಾಲಿ ಮ್ಯಾಗ ಕುಂಡ್ರಿಸಿಕೊಂಡು ಕುಂಡರತೇನು. ನೀ ನಿನ್ನ ಹಾಳಿ ಮುಗಸು” ಎಂದಳು. ಅವ್ವ ಶಾಲೆ ಕಲಿತವಳಲ್ಲ, ಕೌದಿ ಹೊಲಿಯಬಲ್ಲವಳು.

ಆ ಹಾಳೆ ಅಂದು ಮುಗಿಯಲಿಲ್ಲ, ಮರುದಿನ ಮುಗಿಯಿತು. ಕರೆದೊಯ್ಯಲು ಬಂದ ಭಾವನವರು ಅದನ್ನು ಬಹಳ ಹೊತ್ತು ನೋಡಿದರು. ರವಿವಾರ ಮುಂಜಾನೆ ಒಂದು ತಾಸು ಮಕ್ಕಳಿಬ್ಬರೂ ತಮ್ಮ ಕಡೆ ಎಂದು ಒಪ್ಪಿಕೊಂಡು ಹೋದರು. ಕೆಲವು ರವಿವಾರ ಅದು ನಡೆಯುತ್ತದೆ, ಕೆಲವು ರವಿವಾರ ನಡೆಯುವುದಿಲ್ಲ. ಜ್ವರ, ನೆಂಟರು, ನೀರು ಬಾರದ ದಿನ ಎಲ್ಲವೂ ಇರುತ್ತವೆ. ಆದರೂ ಈ ಲೇಖನ ಬರೆಯುವ ಹೊತ್ತಿಗೆ ಅಕ್ಕ ಮೊಬೈಲಿನಲ್ಲಿ ನನಗೆ ಕಳಿಸಿದ ಚಿತ್ರಗಳು ಹನ್ನೊಂದು. ಹನ್ನೊಂದನೆಯದರ ಮೂಲೆಯಲ್ಲಿ ಮಗನ ಇದ್ದಲಿನ ಗೆರೆಯೊಂದು ಬಿದ್ದಿದೆ. ಅಕ್ಕ ಅದನ್ನು ಅಳಿಸಿಲ್ಲ. ಅದಕ್ಕೆ ಎರಡು ಕೋಡು ಹಚ್ಚಿ ಎತ್ತು ಮಾಡಿದ್ದಾಳೆ.

— ಬಿ. ಎ. ಅಂತಿಮ ವರ್ಷದ ವಿದ್ಯಾರ್ಥಿನಿ